ಎಂಟು ನಿಮಿಷದ ಮಾದರಿ

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ, ಇನ್ನು ಮೇಲೆ ಅರ್ಧ ಲೀಟರ್ ಸಾಕು ಎಂದು ಹಾಲಿನವನಿಗೆ ಹೇಳಿದೆ. ನೆಂಟರೆಲ್ಲ ಹಿಂದಿನ ದಿನವೇ ಹೋಗಿದ್ದರು. ಅತ್ತೆ ಮುತ್ತಮ್ಮ ಅಕ್ಕಿ ಆರಿಸುತ್ತಿದ್ದರು. ನನ್ನ ಗಂಡ ಭೀಮರಾಜ್‌ನನ್ನು ಮಣ್ಣು ಮಾಡಿದ ಮೇಲೆ ಅದೇ ಮೊದಲ ಮಾಮೂಲಿ ಬೆಳಗು.

ಹನ್ನೊಂದಕ್ಕೆ ಪೋಸ್ಟ್‌ಮ್ಯಾನ್ ಬಂದ. ರಿಜಿಸ್ಟರ್ಡ್ ಪತ್ರ, ಭೀಮರಾಜ್ ಹೆಸರಿಗೆ.

"ಅವರು ಇಲ್ಲ" ಎಂದೆ.

"ಗೊತ್ತು ಮೇಡಂ. ನೀವೇ ಸೈನ್ ಹಾಕ್ಬಿಡಿ. ವಾಪಸ್ ಕಳಿಸಿದ್ರೆ ಇನ್ನೊಂದ್ಸಲ ಬರುತ್ತೆ ಅಷ್ಟೇ."

ಸೈನ್ ಹಾಕಿದೆ. ಒಡೆದೆ. ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ದೆಹಲಿಯ ಕಚೇರಿಯಿಂದ ಬಂದಿತ್ತು. ಮಾದಿಹಳ್ಳಿಯಲ್ಲಿ ನಡೆದ ಮಾದರಿ ವಿಮಾನ ಸ್ಪರ್ಧೆಯ ದಿನ ಭೀಮರಾಜ್ ಕೊಟ್ಟ ಮೂತ್ರದ ಮಾದರಿಯಲ್ಲಿ ನಿಷೇಧಿತ ವಸ್ತು ಸಿಕ್ಕಿದೆ. ಹೈಡ್ರೋಕ್ಲೋರೋಥಯಾಜೈಡ್. ಏಳು ದಿನದೊಳಗೆ ವಿವರಣೆ ಕೊಡಬೇಕು. ದೇಹದಲ್ಲಿ ಸಿಕ್ಕ ವಸ್ತುವಿಗೆ ಆ ಆಟಗಾರನೇ ಹೊಣೆ, ಅದು ಹೇಗೆ ಹೋಯಿತೆಂಬುದು ಆಮೇಲಿನ ಮಾತು.

ಅದು ಮೂತ್ರ ಹೆಚ್ಚಿಸುವ ಮಾತ್ರೆ. ಬೇರೆ ಮದ್ದನ್ನು ಮರೆಮಾಡಲು ನುಂಗುತ್ತಾರೆಂದು ಎಲ್ಲ ಆಟಗಳಲ್ಲೂ ನಿಷೇಧ. ರಕ್ತದೊತ್ತಡಕ್ಕೂ ಅದನ್ನೇ ಕೊಡುತ್ತಾರೆ. ಅತ್ತೆಯ ಬಿ.ಪಿ. ಮಾತ್ರೆಯಲ್ಲಿ ಅದೇ ಇದೆ.

ಆ ಮಾತ್ರೆಯನ್ನು ದಿನಾ ಬಿಡಿಸಿ ಕೊಡುವವಳು ನಾನು. ಭೀಮರಾಜ್‌ಗೆ ವಿಟಮಿನ್ ಮಾತ್ರೆ ಬಿಡಿಸಿ ಕೊಡುತ್ತಿದ್ದವಳೂ ನಾನು. ಎರಡೂ ಒಂದೇ ಡಬ್ಬಿಯಲ್ಲಿ. ಎರಡೂ ಬಿಳಿ, ಎರಡೂ ದುಂಡು.

ಸ್ಪರ್ಧೆಯ ದಿನ ಸಂಜೆ ಅವನ ಗ್ಲೈಡರ್ ತೆಂಗಿನ ಮರದಲ್ಲಿ ಸಿಕ್ಕಿಕೊಂಡಿತ್ತು. ಬಿಡಿಸಲು ಯಾರದೋ ಮರ ಹತ್ತುವ ಯಂತ್ರ ಇಸಿದುಕೊಂಡು ಹತ್ತಿದ. ತಲೆ ಸುತ್ತುತ್ತಿದೆ ಎಂದು ಮೇಲಿಂದ ಕೂಗಿದನಂತೆ. ಮೂವತ್ತು ಅಡಿ. ಬೇಲೂರಿನ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿದ್ದ.

ಇಷ್ಟು ದಿನ ಅದನ್ನು ಬಿಸಿಲಿನ ತಲೆಸುತ್ತು ಎಂದುಕೊಂಡಿದ್ದೆವು.

"ಯಾವ ಕಾಗ್ದ ಕಣವ್ವ ಅದು?" ಎಂದರು ಅತ್ತೆ.

"ಕಾಲೇಜಿಂದು."

*

ಬಾಗಿಲು ಹಾಕಿಕೊಂಡು ಡಬ್ಬಿ ತೆಗೆದೆ. ಎರಡೂ ಶೀಟಿನ ಮಾತ್ರೆ ಎಣಿಸಿದೆ. ಎರಡೂ ಸರಿಯಾಗಿದ್ದವು. ಒಂದು ಉಸಿರು ಬಿಟ್ಟೆ. ಮರುಕ್ಷಣ ಗೊತ್ತಾಯಿತು. ಅವನದು ಇವರಿಗೆ, ಇವರದು ಅವನಿಗೆ ಕೊಟ್ಟಿದ್ದರೂ ಲೆಕ್ಕ ಹೀಗೇ ಇರುತ್ತದೆ.

ಊಟಕ್ಕೆ ಕೂತಾಗ ಕೇಳಿದೆ. "ಅತ್ತೆ, ಅವತ್ತು ಭಾನುವಾರ ನೀವು ಹೇಗಿದ್ರಿ?"

"ಬೆಳಿಗ್ಗೆಯಿಂದ ತಲೆ ಭಾರ. ಮಾತ್ರೆ ನುಂಗಿದ್ರೂ ಇಳೀಲಿಲ್ಲ. ಯಾಕವ್ವ?"

"ಸುಮ್ಮನೆ ಕೇಳ್ದೆ."

ನುಂಗಿದ್ದು ವಿಟಮಿನ್ ಆಗಿದ್ದರೆ ಇಳಿಯುವುದಾದರೂ ಹೇಗೆ.

ಪತ್ರದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. ಆ ಕಡೆಯ ಹೆಂಗಸು ಮರ್ಯಾದೆಯಿಂದಲೇ ಮಾತಾಡಿದಳು. ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಕಳಿಸಿ, ಫೈಲು ಮುಚ್ಚಬಹುದು. ಮುಚ್ಚಿದರೆ ಅವರ ಹೆಸರು ಏನಾಗುತ್ತದೆ ಎಂದೆ. ಮದ್ದು ಸಿಕ್ಕವರ ಪಟ್ಟಿಯಲ್ಲಿ ಹಾಗೇ ಉಳಿಯುತ್ತದೆ ಎಂದಳು.

ನಮ್ಮದು ಎರಡು ಕೋಣೆಯ ಮನೆ. ಮಂಚದ ಮೇಲೆ ಅವನು ಕಟ್ಟಿದ ರೆಕ್ಕೆಗಳು ತೂಗುತ್ತವೆ. ಎದ್ದು ಕೂತರೆ ತಲೆಗೆ ತಾಗುತ್ತವೆ. ಇಪ್ಪತ್ತೆರಡು ದಿನದಿಂದ ನಾನು ತಲೆ ಬಗ್ಗಿಸಿಯೇ ಏಳುತ್ತಿದ್ದೆ. ಅಂದು ಏಳಲೇ ಇಲ್ಲ. ಫೈಲು ಮುಚ್ಚಿದರೆ ಅವನು ಕಳ್ಳ. ಬಿಚ್ಚಿದರೆ ನಾನು ಕೊಂದವಳು.

*

ಮರುದಿನ ಅವನ ಬ್ಯಾಗ್ ಬಿಚ್ಚಿದೆ.

ಭೀಮರಾಜ್ ಅರಸೀಕೆರೆಯ ಪಿಯು ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್. ಹಾರಿಸುತ್ತಿದ್ದುದು ಎಂಜಿನ್ ಇಲ್ಲದ ಗ್ಲೈಡರ್. ಐವತ್ತು ಮೀಟರ್ ದಾರ ಹಿಡಿದು ಗಾಳಿಪಟದ ಹಾಗೆ ಎಳೆದುಕೊಂಡು ಓಡಬೇಕು. ಬಿಸಿಗಾಳಿ ಮೇಲೇಳುವ ಕಡೆ ಬಿಡಬೇಕು. ಯಾರ ಗ್ಲೈಡರ್ ಹೆಚ್ಚು ಹೊತ್ತು ನಿಲ್ಲುತ್ತದೋ ಅವನು ಗೆದ್ದ. ಈ ಆಟಕ್ಕೂ ಮದ್ದಿನ ಪರೀಕ್ಷೆ ಇದೆ ಎಂದರೆ ಕಾಲೇಜಿನಲ್ಲಿ ನಗುತ್ತಿದ್ದರಂತೆ. ಅವನು ನಗುತ್ತಿರಲಿಲ್ಲ.

ಬ್ಯಾಗಿನಲ್ಲಿ ಪರೀಕ್ಷೆಯ ಫಾರಂ ಇತ್ತು, ಆಟಗಾರನ ಪ್ರತಿ. ಕರೆದ ಸಮಯ ಹನ್ನೆರಡು ಹತ್ತು. ಮಾದರಿ ಕೊಟ್ಟ ಸಮಯ ಹನ್ನೆರಡು ಹದಿನೆಂಟು. ಪಕ್ಕದಲ್ಲಿ ಷರಾ: ತೀರಾ ತೆಳು, ಸ್ವೀಕರಿಸಿಲ್ಲ. ಎರಡನೆಯ ಮಾದರಿ, ಹನ್ನೆರಡು ಐವತ್ತು.

ಎರಡು ಸಲ ಓದಿದೆ. ಹಿಂದಿನ ವರ್ಷ ಇನ್ನೊಂದು ಊರಿನಲ್ಲಿ ಅವನಿಗೆ ಇದೇ ಪರೀಕ್ಷೆ ಆಗಿತ್ತು. ಅಧಿಕಾರಿ ಎದುರಿಗೆ ನಿಂತಿದ್ದರೆ ಬರುವುದೇ ಇಲ್ಲ ಕಣೇ, ಎರಡು ಗಂಟೆ ಕೂರಿಸಿದ್ದರು ಎಂದು ಹೇಳಿ ನಕ್ಕಿದ್ದ. ಈ ಸಲ ಎಂಟೇ ನಿಮಿಷ. ಅದೂ ನೀರಿನಷ್ಟು ತೆಳು.

ನಾನು ಕೆಮಿಸ್ಟ್ರಿ ಓದಿದವಳು. ಡೈರಿ ಲ್ಯಾಬಿನಲ್ಲಿ ಲ್ಯಾಕ್ಟೋಮೀಟರ್ ಇಳಿಬಿಟ್ಟು, ಹಾಲಿಗೆ ನೀರು ಬಿದ್ದಿದೆಯೇ ಎಂದು ನೋಡುವುದು ನನ್ನ ಕೆಲಸ. ನೀರು ಬಿದ್ದಿದ್ದರೆ ಮುಂದಿನ ಪ್ರಶ್ನೆ ಒಂದೇ. ಯಾವ ಹೊತ್ತಿನಲ್ಲಿ, ಯಾರ ಕೈಯಲ್ಲಿ.

ಆ ಮಾತ್ರೆ ನುಂಗಿದ ಎರಡು ಗಂಟೆಗೆ ಕೆಲಸ ಶುರು ಮಾಡುತ್ತದೆ. ನಾಲ್ಕನೆಯ ಗಂಟೆಯ ಹೊತ್ತಿಗೆ ಅದರ ಜೋರು. ನಾನು ಮಾತ್ರೆ ಕೊಟ್ಟದ್ದು ಬೆಳಗಿನ ನಾಲ್ಕಕ್ಕೆ.

ಮೋಹನ್‌ಕುಮಾರ್‌ಗೆ ಫೋನ್ ಮಾಡಿದೆ. ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು, ಕ್ಲಬ್ಬಿನ ಕಾರ್ಯದರ್ಶಿ. ಸ್ಪರ್ಧೆಯ ದಿನ ಸ್ಟಾಪ್‌ವಾಚ್ ಅವರ ಕೈಯಲ್ಲಿತ್ತು.

"ಸರ್, ಅವತ್ತು ಇವರು ಎಷ್ಟು ಸಲ ಮೂತ್ರಕ್ಕೆ ಹೋದರು?"

"ಇದೆಂಥ ಪ್ರಶ್ನೇನಮ್ಮ?"

"ನೆನಪಿದ್ರೆ ಹೇಳಿ."

"ನೆನಪಿಲ್ದೆ ಏನು. ಹನ್ನೊಂದರವರೆಗೆ ಅಲುಗಾಡ್ಲಿಲ್ಲ. ಆಮೇಲೆ ಒಂದು ಗಂಟೇಲಿ ಮೂರು ಸಲ. ಏನಯ್ಯ, ಪ್ಯಾಸೆಂಜರ್ ರೈಲಿನ ಹಾಗೆ ಸ್ಟೇಷನ್ನಿಗೊಂದು ಸಲ ನಿಲ್ತೀಯ ಅಂತ ರೇಗಿಸಿದ್ದೆ."

ಹನ್ನೊಂದಕ್ಕೆ ಶುರು. ಹಾಗಾದರೆ ಒಂಬತ್ತರ ಸುಮಾರಿಗೆ ಒಳಗೆ ಹೋಗಿದೆ. ನಾಲ್ಕಕ್ಕೆ ನಾನು ಕೊಟ್ಟದ್ದಾಗಿದ್ದರೆ ಆರೇಳು ಗಂಟೆಗೇ ಓಡಾಡಬೇಕಿತ್ತು.

ನಾನು ಕೊಟ್ಟದ್ದಲ್ಲ. ಸಮಾಧಾನವಾಗಲಿಲ್ಲ. ನಾನಲ್ಲದಿದ್ದರೆ ಬೇರೆ ಯಾರೋ.

*

ಸ್ಪರ್ಧೆಯ ದಿನ ಬಾಯಿಗೆ ಹೋದದ್ದನ್ನೆಲ್ಲ ಅವನು ಒಂದು ಪುಟ್ಟ ಪುಸ್ತಕದಲ್ಲಿ ಬರೆಯುತ್ತಿದ್ದ. ಅದೂ ಬ್ಯಾಗಿನಲ್ಲೇ ಇತ್ತು.

ನಾಲ್ಕು: ವಿಟಮಿನ್, ನೀರು. ಆರೂವರೆ: ನೀರಿನ ಬಾಟಲಿ, ಸೀಲ್ ಇತ್ತು. ಎಂಟು: ಬಾಳೆಹಣ್ಣು ಎರಡು. ಎಂಟು ಐವತ್ತು: ಮಜ್ಜಿಗೆ, ಸ್ಟೀಲ್ ಲೋಟ.

ಸೀಲ್ ಒಡೆಯದ ಬಾಟಲಿ ಬಿಟ್ಟು ಬೇರೇನೂ ಕುಡಿಯದವನು. ಮಜ್ಜಿಗೆ ಯಾಕೆ ಕುಡಿದ? ಲೋಟ ಎಂಥದ್ದೆಂದು ಯಾಕೆ ಬರೆದ?

ಎರಡನೆಯದಕ್ಕೆ ಉತ್ತರ ನನಗೆ ಗೊತ್ತಿತ್ತು. ಸ್ಪರ್ಧೆ ನಡೆಯುವುದು ಮಾದಿಹಳ್ಳಿಯ ಚಿಕ್ಕಣ್ಣನವರ ಬಯಲಿನಲ್ಲಿ. ಆರು ವರ್ಷ ಅಲ್ಲಿ ಹಾರಿಸಿದ್ದ. ಆರು ವರ್ಷವೂ ಅವರ ಜಗುಲಿಯಲ್ಲಿ ಎಲ್ಲರಿಗೂ ಸ್ಟೀಲ್ ಲೋಟ, ಇವನಿಗೆ ಪೇಪರ್ ಲೋಟ. ಕಾರಣ ಯಾರೂ ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಅವನಿಗೆ ಗೊತ್ತಿತ್ತು, ನನಗೂ.

ಗೆಲ್ಲುವ ಆಸೆ ಯಾರಿಗಿತ್ತು? ಮೊದಲು ನೆನಪಾದವನು ಹಾಸನದ ಹೇಮಂತ್. ನಿಮಗಾಗಿ ವಾಚು ತಪ್ಪು ಓಡಿಸುತ್ತಾರೆಂದು ಇವನೊಡನೆ ಎರಡು ಸಲ ಜಗಳ ತೆಗೆದವನು. ಫೋನ್ ಮಾಡಿದೆ.

"ಮಜ್ಜಿಗೆನಾ?" ಎಂದ ಹೇಮಂತ್. "ಮೇಡಂ, ಎರಡು ವರ್ಷದಿಂದ ನನ್ನ ಕೈಯಿಂದ ಒಂದು ಕಡಲೆಕಾಯಿ ಮುಟ್ಟಿಲ್ಲ ನಿಮ್ಮ ಯಜಮಾನ್ರು. ಅವತ್ತು ಓ.ಆರ್.ಎಸ್. ಪ್ಯಾಕೆಟ್ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿ ವಾಪಸ್ ಕೊಟ್ರು. ಅಂಥ ಹುಚ್ಚು ಮನುಷ್ಯ." ಆಮೇಲೆ ದನಿ ಇಳಿಯಿತು. "ಆ ಜಗುಲಿ ನಾನು ಹತ್ತೇ ಇಲ್ಲ. ಒಂಬತ್ತರವರೆಗೆ ಬಯಲಲ್ಲೇ ಗಾಳಿ ನೋಡ್ತಾ ನಿಂತಿದ್ದೆ. ಗಾರ್ಡ್ ಸಾಹೇಬ್ರನ್ನ ಕೇಳಿ."

ಕೇಳಿದೆ. ನಿಜ ಎಂದರು ಮೋಹನ್‌ಕುಮಾರ್.

"ಸರ್, ಇನ್ನೊಂದು. ಅವತ್ತು ಪರೀಕ್ಷೆಯವರು ಬರ್ತಾರೆ ಅಂತ ಯಾರಿಗೆ ಗೊತ್ತಿತ್ತು?"

"ನನಗೇ ಗೊತ್ತಿರಲಿಲ್ಲ. ಅವರು ಹೇಳದೇನೆ ಬರೋದು."

"ಶೌಚಾಲಯ ಇರೋ ರೂಮ್ ಬೇಕಲ್ಲ ಅವರಿಗೆ?"

ಅವರು ನಿಧಾನವಾಗಿ ಒಂದು ಹೆಸರು ಹೇಳಿದರು. ಭಾನುವಾರ ನನ್ನೊಡನೆ ಮಾದಿಹಳ್ಳಿಗೆ ಬನ್ನಿ ಎಂದೆ.

*

ಹಳೇಬೀಡಿನಲ್ಲಿ ಬಸ್ಸಿಳಿದು ಆಟೋ ಹಿಡಿದೆವು. ಚಿಕ್ಕಣ್ಣ ಜಗುಲಿಯಲ್ಲಿ ಕೂತಿದ್ದರು. ಅವರ ಮಗ ದೀಪಕ್ ಗ್ಲೈಡರಿನ ರೆಕ್ಕೆಗೆ ಕಾಗದ ಅಂಟಿಸುತ್ತಿದ್ದ. ನಾಲ್ಕು ವರ್ಷದಿಂದ ಭೀಮರಾಜ್‌ನ ಹಿಂದೆ ಎರಡನೆಯ ಸ್ಥಾನ ಅವನದು. ಭೀಮರಾಜ್‌ನ ಹೆಣಕ್ಕೆ ಹೆಗಲು ಕೊಟ್ಟವರಲ್ಲೂ ಒಬ್ಬ.

"ಬನ್ನಿ ಮೇಡಂ" ಎಂದು ಎದ್ದ.

"ಕೂತ್ಕೊಳವ್ವ" ಎಂದರು ಚಿಕ್ಕಣ್ಣ. "ಎಂಥ ಮನ್ಸ ಹೋಗ್ಬುಟ್ಟ. ನಮ್ ಬಯಲು ನೋಡಕ್ಕಾಯ್ತಿಲ್ಲ."

ಅವರ ಹೆಂಡತಿ ವೆಂಕಟಲಕ್ಷ್ಮಮ್ಮ ಕಾಫಿ ತಂದರು. ಮೋಹನ್‌ಕುಮಾರ್‌ಗೆ ಸ್ಟೀಲ್ ಲೋಟ. ನನಗೆ ಪೇಪರ್ ಲೋಟ.

ಅದನ್ನು ಹಿಡಿದುಕೊಂಡೇ ಕೇಳಿದೆ. "ಅವತ್ತು ಅವರಿಗೆ ಸ್ಟೀಲ್ ಲೋಟದಲ್ಲಿ ಮಜ್ಜಿಗೆ ಕೊಟ್ರಂತೆ."

ವೆಂಕಟಲಕ್ಷ್ಮಮ್ಮ ಸೆರಗು ಸರಿಮಾಡಿಕೊಂಡರು. "ಸುಳ್ಳು ಯಾಕೇಳ್ಲಿ. ನಾನು ಎಂದಿನಂಗೆ ಇಂಥದ್ಕೇ ಬಗ್ಗಿಸಿದ್ದೆ. ದೀಪುನೇ ಒಳೀಕೆ ಬಂದು, ಕಾಲ ಬದ್ಲಾಗೈತೆ ಕಣಮ್ಮ, ಸರ್‌ಗೆ ಮನೆ ಲೋಟದಲ್ಲೇ ಕೊಡ್ತೀನಿ ಅಂದ. ತಾನೇ ಶುಂಠಿ ಉಪ್ಪು ಹಾಕಿ ಕಲಸ್ಕೊಂಡು ಹೋದ. ಒಳ್ಳೆ ಬುದ್ಧಿ ಬಂತಲ್ಲ ಅಂತ ನಂಗೂ ಖುಷಿ ಆಯ್ತು."

ದೀಪಕ್ ಅಂಟಿನ ಕುಂಚ ಕೆಳಗಿಟ್ಟ.

"ಚಿಕ್ಕಣ್ಣನವರೆ, ನಿಮಗೆ ಬಿ.ಪಿ. ಇದೆಯಾ?"

"ಐತೆ. ಹೋದ ತಿಂಗ್ಳು ಆ ಮೆಡಿಕಲ್ ಸ್ಟೋರ್‌ನವ್ನು ನಾಕು ಮಾತ್ರೆ ಕಮ್ಮಿ ಕೊಟ್ಟವ್ನೆ. ಕೇಳಿದ್ರೆ, ಯಜಮಾನ್ರೆ ನೀವೇ ಮರ್ತು ಎರಡೆರಡು ನುಂಗಿದೀರ ಅಂತಾನೆ. ನಂಗೇನು ಅರಳು ಮರಳಾ?"

ಶೀಟು ತರಿಸಿ ನೋಡಿದೆ. ಅದೇ ಹೆಸರು.

ಪತ್ರವನ್ನು ಜಗುಲಿಯ ಮೇಲೆ ಬಿಡಿಸಿಟ್ಟೆ. ನಾನು ಹೇಳಿದ್ದು ಇಷ್ಟು. ಒಂಬತ್ತರ ಸುಮಾರಿಗೆ ಮಾತ್ರೆ ಅವನ ಹೊಟ್ಟೆಗೆ ಹೋಗಿದೆ. ಆ ಹೊತ್ತಿನಲ್ಲಿ ಸೀಲ್ ಇಲ್ಲದೆ ಕುಡಿದದ್ದು ಮಜ್ಜಿಗೆ ಒಂದೇ. ಅದನ್ನು ಕಲಸಿದವನೂ ಕೈಗೆ ಕೊಟ್ಟವನೂ ಒಬ್ಬನೇ. ಆ ಮನೆಯಲ್ಲಿ ಅದೇ ಮಾತ್ರೆ ನಾಲ್ಕು ಕಡಿಮೆ.

"ಯಾರ್ ಬೇಕಾದ್ರೂ ಹಾಕ್ಬೋದಿತ್ತು ಮೇಡಂ" ಎಂದ ದೀಪಕ್. "ಜಗುಲಿ ತುಂಬ ಜನ ಇದ್ರು."

"ಪರೀಕ್ಷೆ ಇಲ್ಲದಿದ್ರೆ ಆ ಮಾತ್ರೆಯಿಂದ ಯಾರಿಗೂ ಉಪಯೋಗ ಇಲ್ಲ. ಪರೀಕ್ಷೆ ಇದೆ ಅಂತ ಗೊತ್ತಿದ್ದವನು ಹಾಕಿರೋದು."

ಮೋಹನ್‌ಕುಮಾರ್ ಕಾಫಿ ಕೆಳಗಿಟ್ಟರು. "ನನಗೂ ಹೇಳಿರಲಿಲ್ಲ ಕಣಪ್ಪ. ಹೊರಡುವಾಗ ಆ ಆಫೀಸರ್ ನಿನಗೆ ಥ್ಯಾಂಕ್ಸ್ ಹೇಳಿದ್ರು. ಶನಿವಾರವೇ ಸ್ಕೂಲಿನ ರೂಮ್ ತೊಳೆಸಿಟ್ಟಿದ್ದಕ್ಕೆ. ಜಾಗ ನಿಮ್ಮದು ಅಂತ ನಿನಗೊಬ್ಬನಿಗೇ ಹೇಳಿದ್ರು."

"ಏನ್ಲಾ ಇದು?" ಎಂದರು ಚಿಕ್ಕಣ್ಣ.

ದೀಪಕ್ ಅಪ್ಪನ ಕಡೆ ನೋಡಲಿಲ್ಲ. "ಸಿಕ್ಕಿಬೀಳ್ಲಿ ಅಂತ ಅಷ್ಟೇ. ಎರಡು ವರ್ಷ ಆಡಕ್ಕೆ ಬಿಡಲ್ಲ, ಇಂಡಿಯಾ ಟೀಮಿಗೆ ಅವರ ಬದ್ಲು ನಾನು ಹೋಗ್ತೀನಿ ಅಂತ. ನಾಲ್ಕೂ ಪುಡಿ ಮಾಡಿ ಹಾಕ್ದೆ. ಅವರು ಮರ ಹತ್ತುತಾರೆ ಅಂತ ನಂಗೇನ್ ಗೊತ್ತು ಮೇಡಂ."

"ಆ ಸ್ಟೀಲ್ ಲೋಟದಲ್ಲಲ್ಲದೆ ಬೇರೆ ಹೇಗೆ ಕೊಟ್ಟಿದ್ರೂ ಅವರು ಕುಡೀತಿರಲಿಲ್ಲ. ಅದು ನಿನಗೆ ಗೊತ್ತಿತ್ತು" ಎಂದೆ.



ನನಗೆ ಕಾಣಿಸಿತು. ಎಂಟು ಐವತ್ತು. ಭೀಮರಾಜ್ ಲೋಟ ಹಿಡಿದು ನಿಂತಿದ್ದಾನೆ. ಬೇಡ ಎಂದರೆ ಆರು ವರ್ಷ ಕಾದು ಸಿಕ್ಕಿದ್ದನ್ನು ಅವರ ಮನೆಯ ಮುಂದೆಯೇ ಹಿಂದಿರುಗಿಸಿದಂತೆ. ಕುಡಿದರೆ ತಾನೇ ಹಾಕಿಕೊಂಡ ನಿಯಮ ಮುರಿದಂತೆ. ಎರಡೂ ಕಡೆ ಬಾಗಿಲು ಹಾಕಿತ್ತು. ಕುಡಿದ. ಕುಡಿದದ್ದನ್ನು ಬರೆದಿಟ್ಟ.

ವೆಂಕಟಲಕ್ಷ್ಮಮ್ಮ ನನ್ನ ಕೈಯಲ್ಲಿದ್ದ ಪೇಪರ್ ಲೋಟವನ್ನೇ ನೋಡುತ್ತಿದ್ದರು. ನಾನು ಕುಡಿದಿರಲಿಲ್ಲ. ಕೆಳಗಿಟ್ಟು ಎದ್ದೆ.

*

ಠಾಣೆಯಲ್ಲಿ ಎರಡು ಗಂಟೆ ಹಿಡಿಯಿತು. ನಾನು ಬರೆದುಕೊಟ್ಟೆ, ಮೋಹನ್‌ಕುಮಾರ್ ಸಾಕ್ಷಿ ಹಾಕಿದರು. ಬೇಲೂರಿನಲ್ಲಿ ಪೋಸ್ಟ್‌ಮಾರ್ಟಂ ಹೊತ್ತಿಗೆ ತೆಗೆದಿಟ್ಟ ರಕ್ತವನ್ನು ಪರೀಕ್ಷೆಗೆ ಕಳಿಸುತ್ತೇವೆ ಎಂದರು ಸಬ್ ಇನ್ಸ್‌ಪೆಕ್ಟರ್. ಸಂಜೆಯೊಳಗೆ ದೀಪಕ್‌ನನ್ನು ಕರೆತಂದರು.

ಅತ್ತೆಗೆ ಎಲ್ಲ ಹೇಳಿದೆ. ಅವರು, "ನಾನೇನಾದ್ರೂ ನನ್ ಮಾತ್ರೆ ಅವನ ತಟ್ಟೆ ಪಕ್ಕ ಇಟ್ಬಿಟ್ಟಿದ್ನೋ ಅಂತ ಇದ್ದೆ ಕಣವ್ವ. ಆ ಕಾಗ್ದನ ನೀನು ಬಚ್ಚಿಟ್ಟಾಗಿಂದ" ಎಂದರು. ಪತ್ರವನ್ನು ಯಾರ ಹತ್ತಿರ ಓದಿಸಿದ್ದರೋ ನಾನು ಕೇಳಲಿಲ್ಲ.

ದೆಹಲಿಗೆ ವಿವರಣೆ ಕಳಿಸಿದೆ. ತಿಂಗಳಾದ ಮೇಲೆ ಉತ್ತರ ಬಂತು. ಆಟಗಾರನ ತಪ್ಪಿಲ್ಲ. ಆದರೆ ಮಾದರಿಯಲ್ಲಿ ವಸ್ತು ಇದ್ದದ್ದರಿಂದ ಆ ದಿನದ ಫಲಿತಾಂಶ ರದ್ದು. ನಿಯಮ ಹಾಗೆ. ಅವನ ಕೊನೆಯ ಹಾರಾಟ ಈಗ ಯಾವ ಪಟ್ಟಿಯಲ್ಲೂ ಇಲ್ಲ.

ಹೇಳಿಕೆಗೆ ಮತ್ತೆ ಸೈನ್ ಹಾಕಲು ಕರೆದಿದ್ದ ದಿನ ಸಬ್ ಇನ್ಸ್‌ಪೆಕ್ಟರ್ ಮೂಲೆ ತೋರಿಸಿದರು. "ಅದನ್ನೂ ತಗೊಂಡು ಹೋಗಿ. ನಮ್ಮವರು ನೋಡಿದಾರೆ, ಎಲ್ಲ ಸರಿ ಇದೆ."

ತೆಂಗಿನ ಮರ ಹತ್ತುವ ಕಬ್ಬಿಣದ ಯಂತ್ರ. ಎರಡು ಪಾದದ ಹಿಡಿ, ಮರ ಸುತ್ತುವ ತಂತಿ.

"ಇದು ನಮ್ಮದಲ್ಲ" ಎಂದೆ.

"ಮಾದಿಹಳ್ಳಿ ಗಂಗಯ್ಯಂದು. ನಿಮ್ಮವರು ಅವತ್ತು ಕೇಳಿ ಇಸ್ಕೊಂಡಿದ್ರು. ಎರಡು ಸಲ ಹೇಳಿ ಕಳಿಸಿದ್ವಿ. ಆತ ಬರಲ್ಲ."

ಆಟೋದಲ್ಲಿ ಹಾಕಿಕೊಂಡು ಹೋದೆ. ಗಂಗಯ್ಯ ಅರವತ್ತರ ಹತ್ತಿರದವರು, ಕಾಯಿ ಕೀಳುವ ಕೆಲಸ. ಯಂತ್ರ ಕಂಡು ಹಿಂದೆ ಸರಿದರು.

"ಬ್ಯಾಡ ಕಣವ್ವ. ನಾನು ಕೊಡ್ದಿದ್ರೆ ಆಯ್ತಿತ್ತು. ತಂತಿ ಸಡಿಲ ಇತ್ತೇನೋ. ಅವತ್ತಿಂದ ಮರ ಮುಟ್ಟಿಲ್ಲ."

"ತಂತಿ ಸರಿ ಇತ್ತಂತೆ. ಪೊಲೀಸರು ನೋಡಿದಾರೆ. ಅವರಿಗೆ ಮೇಲೆ ಹೋದಾಗ ಪ್ರಜ್ಞೆ ತಪ್ಪಿತು. ಬೆಳಿಗ್ಗೆ ಒಬ್ಬ ಮದ್ದು ಹಾಕಿದ್ದ. ನಿಮ್ಮ ಯಂತ್ರದ್ದೇನೂ ಇಲ್ಲ."

"ದಿಟವಾ?"

"ದಿಟ."

ಅವರು ಕೂತು ತಂತಿಯನ್ನು ಬೆರಳಲ್ಲಿ ಉದ್ದಕ್ಕೂ ತಡವಿದರು. ಬೋಲ್ಟು ತಿರುಗಿಸಿ ನೋಡಿದರು. ಆಮೇಲೆ ಮನೆ ಮುಂದಿನ ಮರಕ್ಕೆ ಕಟ್ಟಿದರು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ನೋಡುನೋಡುತ್ತ ಗರಿಗಳೊಳಗೆ ಮರೆಯಾದರು.

ಆಟೋದವನು ಹಾರನ್ ಹೊಡೆದ. ಗಂಗಯ್ಯ ಇಳಿಯುವವರೆಗೂ ನಾನು ಮರದ ಕೆಳಗೆ ನಿಂತಿದ್ದೆ.