ಪಕ್ಕದ ಸೀಟಿನ ಅಳತೆ

"ಯಾರ್ರೀ ಈ ಛಾವಣಿ ಕತ್ತರಿಸಿ ತಗ್ಗಿಸಿದ್ದು? ಕಣ್ಣು ಮುಚ್ಚಿಕೊಂಡು ಕತ್ತರಿಸಿದ್ರಾ?"

ಹಣೆ ಉಜ್ಜಿಕೊಳ್ಳುತ್ತಾ ಹಳೇ ಕಾರಿನೊಳಗಿಂದ ಹೊರಬಂದವನು ವೆಲ್ಡರ್. ಆರಡಿ ಮೀರಿದ ಆಳು. ಒಳಗೆ ಇಣುಕಿದ ಮೊದಲ ಕ್ಷಣಕ್ಕೇ ಅವನ ತಲೆ ಠಣ್ ಎಂದು ಬಡಿದಿತ್ತು.

"ನಾನೇ! ಕಣ್ಣು ಬಿಟ್ಕೊಂಡೇ ಕತ್ತರಿಸಿದ್ದು. ನನ್ನ ಕಾರು, ನನ್ನ ಎತ್ತರ. ನಿಮ್ಮನ್ನ ಕರೆಸಿದ್ದು ಬೆಸುಗೆ ಹಾಕೋಕೆ, ಒಳಗೆ ಕೂರೋಕಲ್ಲ!"

ಅವನು ತಿರುಗಿ ನೋಡಿದ. ತನ್ನ ಭುಜಕ್ಕೆ ಬರುವಷ್ಟು ಎತ್ತರದ ಹುಡುಗಿ. ಕಿವಿಯ ಮೇಲೆ ಸೀಮೆಸುಣ್ಣದ ತುಂಡು, ಸೊಂಟದ ಮೇಲೆ ಕೈ.

'ಅಬ್ಬಾ, ಎಂಥ ಜೋರು!' ಎಂದುಕೊಂಡ.

'ಹಣೆ ಊದಿಕೊಳ್ಳುತ್ತೇನೋ… ಕೇಳಲಾ?' ಎಂದುಕೊಂಡಳು ಅವಳು. ಆದರೆ ಬಿಗುಮಾನ ಬಿಡಬೇಕಲ್ಲ!

ವಿಚಾರಿಸಿಕೊಂಡಿದ್ದು ಅವಳ ಅಜ್ಜಿ. ಅಡುಗೆಮನೆ ಬಾಗಿಲಿಂದ ಒದ್ದೆ ಬಟ್ಟೆ ತಂದು ಅವನ ಕೈಗಿಟ್ಟರು. "ಒತ್ಕೊಳ್ಳಪ್ಪ. ಈ ಮನೆಗೆ ಬರೋರು ಮೊದ್ಲು ತಲೆ ತಗ್ಗಿಸೋದು ಕಲೀಬೇಕು."

ಬೀದಿಯವರೆಲ್ಲ ಅವಳನ್ನು 'ಕತ್ತರಿ' ಎಂದೇ ಕರೆಯುತ್ತಿದ್ದರು. ಬಟ್ಟೆ ಕಾರ್ಖಾನೆಯಲ್ಲಿ ಅವಳದು ಅಳತೆ ತೆಗೆದು ಕಾಗದದ ನಮೂನೆ ಕತ್ತರಿಸುವ ಕೆಲಸ. ನಾಲಿಗೆಯೂ ಕಡಿಮೆಯೇನಿರಲಿಲ್ಲ ಬಿಡಿ. ಯಾರನ್ನೇ ನೋಡಲಿ, ಟೇಪು ಹಿಡಿಯದೆಯೇ ಅಳತೆ ಹೇಳಿಬಿಡುತ್ತಿದ್ದಳು. ಎಡಭುಜ ಒಂದಿಷ್ಟು ಕೆಳಗಿದೆ, ಬೆನ್ನು ಬಾಗಿದೆ, ತೋಳು ಉದ್ದ… ಒಂದೂ ತಪ್ಪುತ್ತಿರಲಿಲ್ಲ.

ಕಾರು ಅವಳ ತಾತನದು. ಹಿತ್ತಲ ಶೆಡ್ಡಿನಲ್ಲಿ ಚಕ್ರ ಹೂತು ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೋಳಿಗಳು ಮೊಟ್ಟೆ ಇಡುತ್ತಿದ್ದವು. "ಇದನ್ನ ಬಿಚ್ಚಿ, ಛಾವಣಿ ತಗ್ಗಿಸಿ, ಎಂಜಿನ್ ಬಯಲಿಗಿಟ್ಟು, ನಮ್ಮ ಕೈಯಾರೆ ಹಾಟ್ ರಾಡ್ ಅಂತಾರಲ್ಲ, ಅಂಥ ಜೋರು ಓಟದ ಗಾಡಿ ಮಾಡೋಣ ಕಣೇ. ರಸ್ತೆಯೆಲ್ಲಾ ತಿರುಗಿ ನೋಡಬೇಕು!" ಎಂದು ತಾತ ಹೇಳುತ್ತಲೇ ಇದ್ದರು. ಹೇಳುತ್ತಲೇ ಹೋಗಿಬಿಟ್ಟರು. ಆಮೇಲೆ ಗುಜರಿಯವನು ಬಂದಾಗ ಅವಳು ಕಾರಿಗೆ ಅಡ್ಡ ನಿಂತಳು.

"ಇದು ಗುಜರಿಯಲ್ಲ. ಓಡುತ್ತೆ."

ಎಲ್ಲರೂ ನಕ್ಕರು. ಅವಳು ನಗಲಿಲ್ಲ.

ಅವಳದೊಂದು ಹಟವಿತ್ತು. ಕೈಯಲ್ಲಿ ಮಾಡಲು ಸಾಧ್ಯವಾದ ಯಾವ ಭಾಗವನ್ನೂ ಅಂಗಡಿಯಿಂದ ತರಬಾರದು! ಮುಂಭಾಗದ ಜಾಲರಿಗೆ ಅಜ್ಜಿಯ ಹಳೇ ಕಬ್ಬಿಣದ ಮಂಚದ ಸರಳುಗಳು ಬಂದವು. ಪೆಟ್ರೋಲ್ ಟ್ಯಾಂಕ್ ಮೊದಲು ಎಣ್ಣೆಯ ಡ್ರಮ್ಮಾಗಿತ್ತು. ತಗಡಿನ ಪ್ರತಿ ತುಂಡಿಗೂ ಮೊದಲು ಹಳೇ ಪೇಪರ್ ಹಾಸಿ, ಹೆಬ್ಬೆರಳಿಂದ ಒತ್ತಿ, ನಮೂನೆ ಕತ್ತರಿಸುವಳು.

"ಕಾರಿಗೆ ಅಂಗಿ ಹೊಲೀತಿದ್ದೀರಾ?" ವೆಲ್ಡರ್ ರೇಗಿಸಿದ.

"ಹೂಂ. ತೋಳಿಲ್ಲದ್ದು."

ಅವಳು ಕತ್ತರಿಸಿ ಬಡಿದ ತಗಡು ಹೋಗಿ ಕೂದಲೆಳೆಯಷ್ಟೂ ಸಂದಿಲ್ಲದೆ ಕುಳಿತಾಗ, ಅವನು ಬೆಸುಗೆಯ ಮುಖವಾಡ ಸರಿಸಿ ಸುಮ್ಮನೆ ನೋಡಿದ. ತಗಡನ್ನಲ್ಲ, ಅವಳನ್ನು!

ಭಾನುವಾರಕ್ಕೆಂದು ಬಂದವನು ಬುಧವಾರವೂ ಬರತೊಡಗಿದ. ಅವಳು ಕೆಲಸಕ್ಕೆ ಹೋದಾಗಲೂ ಬಂದು ಬೆಸುಗೆ ಹಾಕಲಿ ಎಂದು ಅಜ್ಜಿ ಶೆಡ್ಡಿನ ಕೀಲಿಯನ್ನೇ ಕೊಟ್ಟುಬಿಟ್ಟರು. ಯಾವಾಗಲೋ ಕಟ್ಟಡದ ಸಾರುವೆಯಿಂದ ಬಿದ್ದು ಅವನ ಒಂದು ಮಂಡಿ ಪೂರ್ತಿ ಮಡಚುತ್ತಿರಲಿಲ್ಲ. ಗಿಡ್ಡ ಸ್ಟೂಲಿನ ಮೇಲೆ ಆ ಕಾಲನ್ನು ನೇರ ಚಾಚಿ ಕೂರುವನು. ಕೋಳಿಗಳು ಅದನ್ನು ಹಾರಿ ದಾಟುವವು. ಅವಳಂತೂ ನೋಡದೆಯೇ ಆ ಕಾಲನ್ನು ಸುತ್ತಿ ಬಳಸಿ ನಡೆಯುವುದನ್ನು ರೂಢಿ ಮಾಡಿಕೊಂಡಿದ್ದಳು.

ಒಂದು ದಿನ ಅವನು ಕೇಳಿದ, "ಪಕ್ಕದ ಬಾಗಿಲಿಗೆ ಒಳಗಡೆ ಹಿಡಿನೇ ಇಲ್ವಲ್ಲ?"

"ಅಲ್ಲಿ ಕೂರೋದು ಸಲಕರಣೆ ಪೆಟ್ಟಿಗೆ. ಪೆಟ್ಟಿಗೆಗ್ಯಾಕೆ ಹಿಡಿ?"

"ಬೇರೆ ಯಾರೂ ಕೂರಲ್ವಾ?"

"ಬೇರೆ ಯಾರು ಕೂರ್ತಾರೆ?"

ಅವನು ಮುಖವಾಡ ಇಳಿಸಿಕೊಂಡ. ಕಿಡಿಗಳು ಹಾರಿದವು.

'ನೀವೇ ಕೂರಿ ಅನ್ನಬೇಕಿತ್ತಾ…?' ಅವಳ ಕೆನ್ನೆ ಬಿಸಿಯಾಯಿತು. ಬೆಸುಗೆಯ ಶಾಖವಿರಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು!

ಅಷ್ಟರಲ್ಲಿ ಒಂದು ದಿನ ಊರಿನ ಹೋಟೆಲ್ ಯಜಮಾನರು ಬಂದರು. ದಪ್ಪ, ಎತ್ತರ, ದೊಡ್ಡ ಗಂಟಲು. ಹೋಟೆಲಿನ ಮುಂದೆ ನಿಲ್ಲಿಸಲು ಅವರಿಗೆ ಈ ಕಾರೇ ಬೇಕಂತೆ.

"ವೆಲ್ಡರೇ ನಿಮ್ಮ ಮನೆ ತೋರಿಸಿದ್ದು. ಗಾಡಿ ಚೆನ್ನಾಗಿದೆ. ಆದ್ರೆ ಪಕ್ಕದ ಸೀಟಲ್ಲಿ ಕೂತ್ರೆ ನನ್ನಂಥೋರು ಕಾಲು ಎಲ್ಲಿಡೋದಮ್ಮಾ?"

"ಇಡೋದೇ ಬೇಡ ಸರ್. ಇದನ್ನ ಮಾರಲ್ಲ."

"ಇರ್ಲಿ ಇರ್ಲಿ. ನಾನು ವೆಲ್ಡರ್ ಹತ್ರ ಮಾತಾಡ್ತೀನಿ," ಎಂದು ನಗುತ್ತಾ ಹೋದರು.

ಆ ವಾರವೇ ಒಂದು ಸಂಜೆ ಅವಳು ಕೆಲಸದಿಂದ ಬಂದು ಶೆಡ್ಡಿಗೆ ಕಾಲಿಟ್ಟಳು.

ಪಕ್ಕದ ಸೀಟಿನ ಕೆಳಗಿನ ನೆಲವನ್ನೇ ಕತ್ತರಿಸಲಾಗಿತ್ತು! ತಾತನ ಕಾರಿನ ನೆಲ! ಅಲ್ಲೊಂದು ತಗಡಿನ ತೊಟ್ಟಿ ಅರೆಬೆಸುಗೆಯಲ್ಲಿ ಕೆಳಕ್ಕೆ ಇಳಿಬಿದ್ದಿತ್ತು. ಸೀಟಿನ ಚೌಕಟ್ಟೂ ಕೆಳಗಿಳಿದಿತ್ತು. ಪಕ್ಕದಲ್ಲಿ ವೆಲ್ಡರ್ ನಿಂತಿದ್ದ. ಮುಖದಲ್ಲಿ ಎಂದೂ ಇಲ್ಲದ ಒಂದು ನಾಚಿಕೆಯ ನಗು.

ಅವಳಿಗೆ ಕಂಡದ್ದು ಆ ನಗುವಲ್ಲ, ಆ ತೂತು.

"ಹೋಟೆಲ್‌ನೋರ ಕಾಲಿಗೆ ಜಾಗ ಮಾಡಿಕೊಟ್ರಾ?"

"ಅಲ್ಲ ರೀ, ಇದು…"

"ಮಾರಲ್ಲ ಅಂತ ಅವರಿಗೆ ಹೇಳಿದ್ದೆ! ನನ್ನ ಬೆನ್ನ ಹಿಂದೆ ಅಳತೆ ತಗೊಂಡು, ನನ್ನ ತಾತನ ಕಾರಿಗೆ ಕಟರ್ ಇಟ್ರಾ? ನಿಮ್ಮನ್ನ ಎಷ್ಟು ನಂಬಿದ್ದೆ!"

ಅವನ ನಗು ಆರಿಹೋಯಿತು. ಶೆಡ್ಡಿನ ಕೀಲಿಯನ್ನು ಸ್ಟೂಲಿನ ಮೇಲಿಟ್ಟ.

"ನಾನು ಅಂಥವನು ಅಂತ ನಿಮಗೆ ಅನ್ನಿಸಿದ್ರೆ… ಇನ್ನೇನು ಹೇಳ್ಲಿ?"

ಮಡಚದ ಕಾಲನ್ನು ಸ್ವಲ್ಪ ಎಳೆಯುತ್ತಾ ಹೊರಟುಹೋದ. ಅವಳು ಕರೆಯಲಿಲ್ಲ.

ಆಮೇಲಿನ ದಿನಗಳು ಸಪ್ಪೆಯಾದವು. ಸುತ್ತಿಗೆ ಎತ್ತಿದರೆ ಕೈಗೆ ಲಯ ಸಿಗುತ್ತಿರಲಿಲ್ಲ. ಶೆಡ್ಡಿನಲ್ಲಿ ಖಾಲಿ ಸ್ಟೂಲು. ಅವಳು ಮಾತ್ರ ಅದರ ಮುಂದೆ, ಅಲ್ಲಿಲ್ಲದ ಕಾಲನ್ನು ಸುತ್ತಿ ಬಳಸಿಕೊಂಡೇ ನಡೆಯುತ್ತಿದ್ದಳು. 'ಮೋಸ ಮಾಡಿದವನು ಯಾಕೆ ಇಷ್ಟು ನೆನಪಾಗಬೇಕು?' ಎಂದು ತನ್ನ ಮೇಲೆಯೇ ಸಿಟ್ಟು ಬಂದು ಕಣ್ಣು ತುಂಬಿತು.

"ಅವನು ನನ್ನ ಕೇಳ್ಕೊಂಡೇ ಕತ್ತರಿಸಿದ ಕಣೇ," ಎಂದರು ಅಜ್ಜಿ, ತಟ್ಟೆ ಒರೆಸುತ್ತಾ.

"ಏನಂತ ಕೇಳಿದ?!"

"ಅದನ್ನ ನಾನ್ಯಾಕೆ ಹೇಳ್ಲಿ? ಊರೋರ ಅಳತೆಯೆಲ್ಲಾ ಹೇಳ್ತೀಯಲ್ಲ, ಆ ತೊಟ್ಟಿ ಅಳತೆ ತೆಗೆದು ನೋಡಿದ್ಯಾ?"

ಭಾನುವಾರ ಬೆಳಗ್ಗೆ ಅವಳು ಶೆಡ್ಡಿಗೆ ಹೋದಳು. ಹೇಗಿದ್ದರೂ ಆ ತೂತು ಮುಚ್ಚಬೇಕು, ಮುಚ್ಚಲು ನಮೂನೆ ಬೇಕು. ತೊಟ್ಟಿಯೊಳಗೆ ಪೇಪರ್ ಹಾಸಿದಳು. ಮೂಲೆಮೂಲೆಗೂ ಹೆಬ್ಬೆರಳು ಒತ್ತಿದಳು. ಕತ್ತರಿಸಿ, ಹೊರಗೆ ಬಿಸಿಲಲ್ಲಿ ಹರಡಿದಳು.

ಕತ್ತರಿ ಕೈಯಿಂದ ಜಾರಿತು.

ಕಾಗದದ ಎರಡು ಬದಿಗಳು ಒಂದೇ ಸಮ ಇರಲಿಲ್ಲ. ಒಂದು ಕಡೆ ಗಿಡ್ಡ, ಮಡಚಿದ ಕಾಲು ಇಡುವಷ್ಟು. ಇನ್ನೊಂದು ಕಡೆ ಉದ್ದಕ್ಕೆ, ನೇರವಾಗಿ ಮುಂದಕ್ಕೆ ಚಾಚಿತ್ತು.

ಹೋಟೆಲ್ ಯಜಮಾನರ ಎರಡೂ ಮಂಡಿ ಚೆನ್ನಾಗಿಯೇ ಮಡಚುತ್ತವೆ. ಒಂದು ಕಾಲು ಮಡಚಿ, ಒಂದು ಕಾಲು ಹೀಗೆ ನೇರ ಚಾಚಿ ಕೂರುವವನು ಅವಳು ಕಂಡಂತೆ ಒಬ್ಬನೇ!

ಓಡಿಹೋಗಿ ಸೀಟಿನ ಚೌಕಟ್ಟಿನಿಂದ ಛಾವಣಿಗೆ ಅಳೆದಳು. ಅವನ ತಲೆ ಸಲೀಸಾಗಿ ನಿಲ್ಲುವಷ್ಟು ಜಾಗ. ಅವಳು ತಗ್ಗಿಸಿದ ಛಾವಣಿಯನ್ನು ಅವನು ಮುಟ್ಟಿರಲಿಲ್ಲ. ಆ ಛಾವಣಿಯ ಕೆಳಗೆ ತನಗಾಗಿ ಜಾಗ ಮಾಡಿಕೊಂಡಿದ್ದ, ಅಷ್ಟೇ.

'ಅಯ್ಯೋ… ಎಂಥ ಮಾತಾಡಿಬಿಟ್ಟೆ!'

ಕಾಗದವನ್ನು ಎದೆಗೊತ್ತಿಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡಳು. ಅಳುತ್ತಾ ಕೂರುವ ಜಾಯಮಾನ ಅವಳದಲ್ಲ. ತಪ್ಪು ಮಾಡಿದವಳು ತಾನು, ಸರಿ ಮಾಡಬೇಕಾದವಳೂ ತಾನೇ.

ತೊಟ್ಟಿಯ ಅಂಚಿಗೆಲ್ಲ ತಾನೇ ರಿವೆಟ್ ಮೊಳೆ ಹೊಡೆದು ಭದ್ರ ಮಾಡಿದಳು. ಸೀಟಿಗೆ ಮೆತ್ತೆ ಹೊಲಿದಳು. ಮಂಚದ ಸರಳೊಂದು ಉಳಿದಿತ್ತು. ಅದನ್ನು ಕಾಯಿಸಿ, ಬಾಗಿಸಿ, ಅಂಗೈಗೆ ಚುಚ್ಚದಂತೆ ಅರ ಹಾಕಿ ಉಜ್ಜಿದಳು. ಆ ದೊಡ್ಡ ಅಂಗೈಯ ಅಳತೆ ಅವಳಿಗೆ ಕೇಳದೆಯೇ ಗೊತ್ತಿತ್ತು.

ಮುಂದಿನ ಭಾನುವಾರ ಎಂಜಿನ್ ಗುಡುಗಿತು! ಕೋಳಿಗಳು ದಿಕ್ಕಾಪಾಲಾದವು.

"ಅಜ್ಜೀ, ಹತ್ತು! ಮೊದಲ ಸವಾರಿ ನಿಂದೇ."

"ಹೋಗೇ, ಆ ಸೀಟು ನನ್ನ ಅಳತೇದಲ್ಲ. ಯಾರದೋ ಅವನನ್ನ ಕೂರಿಸ್ಕೊಂಡು ಬಾ."

ಬೀದಿಗೆ ಬೀದಿಯೇ ತಿರುಗಿ ನೋಡಿತು. ಅವಳು ಯಾರನ್ನೂ ನೋಡದೆ ನೇರ ಹೋಗಿ ನಿಂತಿದ್ದು ವೆಲ್ಡಿಂಗ್ ಅಂಗಡಿಯ ಮುಂದೆ. ಯಾರದೋ ಮನೆಯ ಗೇಟಿಗೆ ಬೆಸುಗೆ ಹಾಕುತ್ತಿದ್ದವನು ಮುಖವಾಡ ಸರಿಸಿದ. ಕಾರನ್ನು ನೋಡಿದ. ಅವಳನ್ನು ನೋಡಿದ. ಎದ್ದು ನಿಂತ.

"ಓಡ್ತಾ ಇದೆ…!" ಎಂದ.

"ಓಡ್ತಿದೆ. ನನ್ನಿಂದ ತಪ್ಪಾಯ್ತು. ಕೇಳದೆ ಬಾಯಿಗೆ ಬಂದಂಗೆ ಅಂದ್ಬಿಟ್ಟೆ. ಕ್ಷಮಿಸಿಬಿಡಿ."

"ಹೋಟೆಲ್‌ನೋರು ಕಾರು ಯಾರ ಮನೇದು ಅಂದ್ರು, ಹೇಳ್ದೆ. ಮಾರಲ್ಲ ಅಂತಾನೂ ಹೇಳ್ದೆ."

"ಅವತ್ತೇ ಅದನ್ನ ಹೇಳಬಾರದಿತ್ತಾ?"

"ನೀವು ಬಿಟ್ರೆ ತಾನೆ!"

ಇಬ್ಬರಿಗೂ ನಗು ಬಂತು. ನಕ್ಕು ಮುಗಿದ ಮೇಲೆ ಅವನು ತಲೆ ತಗ್ಗಿಸಿದ, ಈ ಸಲ ಛಾವಣಿಯ ಹಂಗಿಲ್ಲದೆ.

"ನಿಮ್ಮ ಪಕ್ಕ ಕೂರಬೇಕು ಅನ್ನಿಸ್ತು. ಜೀವನ ಪೂರ್ತಿ. ಕೇಳೋಕೆ ಧೈರ್ಯ ಸಾಲ್ಲಿಲ್ಲ… ಕತ್ತರಿಸೋಕೆ ಸಾಕಾಯ್ತು."

"ನಂಗೂ ನೀವೇ ಬೇಕು," ಎಂದಳು ಅವಳು, ಧ್ವನಿ ಒಂದಿಷ್ಟೂ ನಡುಗದೆ. "ಸಲಕರಣೆ ಪೆಟ್ಟಿಗೆ ಮನೇಲಿ ಇಳಿಸಿ ಬಂದಿದ್ದೀನಿ. ಹತ್ತಿ."

ಅವನು ಬಗ್ಗಿ ಒಳಗೆ ಕುಳಿತ. ಒಂದು ಕಾಲು ಮಡಚಿತು. ಇನ್ನೊಂದು ತನ್ನ ಜಾಗದಲ್ಲಿ ಹಾಯಾಗಿ ಚಾಚಿಕೊಂಡಿತು. ತಲೆ ಎಲ್ಲಿಯೂ ಬಡಿಯಲಿಲ್ಲ. ಕೈ ಮಾತ್ರ ಬಾಗಿಲಿನ ಒಳಗೆ ಯಾವುದಕ್ಕೋ ತಾಗಿ ಅಲ್ಲೇ ನಿಂತಿತು.

"ಹಿಡಿ! ಯಾವಾಗ ಮಾಡಿದ್ರಿ?"

"ಅಳತೆ ಸಿಕ್ಕ ದಿನ."

ಅವನು ಅದನ್ನು ಮೆಲ್ಲನೆ ಸವರಿದ. ಕಣ್ಣಲ್ಲಿ ನೀರಿದ್ದರೂ ತುಂಟತನ ಬಿಡಲಿಲ್ಲ.

"ಜಗಳ ಬಂದಾಗ ಇಳಿದು ಹೋಗೋಕಾ?"

"ಅಲ್ಲ," ಎಂದಳು ಅವಳು, ಗೇರ್ ಹಾಕುತ್ತಾ. "ಬಾಗಿಲು ಎಳ್ಕೊಳ್ಳೋಕೆ."

ಅವನು ಎಳೆದುಕೊಂಡ.