ಎಡಗೈಯಲ್ಲಿ ಹಸಿರು ಫಲಕ

ರ‍್ಯಾಲಿಯ ಕೊನೆಯ ಸುತ್ತಿಗೆ ಕಾರುಗಳು ಸಾಲಾಗಿ ನಿಂತಿದ್ದವು. ಹೆಲ್ಮೆಟ್ಟಿನ ಪಟ್ಟಿ ಬಿಗಿಯುತ್ತಾ ದೊರೋತಾ, ಬ್ಲಾಜೆಯ್ ಕೂತಿದ್ದ ಕಾರಿನ ಕಿಟಕಿಯ ಪಕ್ಕದಲ್ಲೇ ಹಾದುಹೋಗಿ ಮುಂದಿನ ಕಾರು ಹತ್ತಿದಳು. ಕಣ್ಣು ಮಾತ್ರ ಈ ಕಡೆ ಹೊರಳಲಿಲ್ಲ. ಹೊರಳದಂತೆ ತಡೆಯಲು ಅವಳು ಎಷ್ಟು ಕಷ್ಟಪಟ್ಟಳೆಂದು ಕತ್ತಿನ ಬಿಗುವೇ ಹೇಳುತ್ತಿತ್ತು.

“ನೋಡಿದ್ದು ಸಾಕು, ಗ್ಲೌಸ್ ಹಾಕ್ಕೊ,” ಅಂದ ಪಕ್ಕದ ಸೀಟಿನ ರುಡೊ. ಮುಂದಿನ ತಿರುವು ಯಾವ ಕಡೆ, ಎಷ್ಟು ಕಡಿದು ಎಂದು ಪುಸ್ತಕ ನೋಡಿ ಅಂಕಿಗಳಲ್ಲಿ ಓದಿ ಹೇಳುವುದು ಅವನ ಕೆಲಸ. “ಹುಡುಗಿ ಎಲ್ಲಿಗೂ ಓಡಿಹೋಗಲ್ಲ. ಟ್ರೋಫಿ ಓಡಿಹೋಗತ್ತೆ.”

“ನಾನೇನು ಅವಳನ್ನ ನೋಡ್ತಿರ್ಲಿಲ್ಲ.”

“ಹೌದೌದು. ಅವಳ ಕಾರಿನ ಟೈರ್ ನೋಡ್ತಿದ್ದೆ.”

ರುಡೊ ಈಗ ಕೂತಿದ್ದ ಸೀಟಿನಲ್ಲಿ ಹಿಂದೆ ಏಳು ವರ್ಷ ಕೂತವಳು ದೊರೋತಾ. ‘ದಿಬ್ಬ, ಪೂರ್ತಿ ಒತ್ತು’ ಅಂತ ಅವಳು ಹೇಳಿದರೆ, ದಿಬ್ಬದಾಚೆ ರಸ್ತೆ ಇದೆಯೋ ಇಲ್ಲವೋ ಎಂದು ಕೇಳದೆ ಬ್ಲಾಜೆಯ್ ಆಕ್ಸಿಲರೇಟರ್ ಒತ್ತುತ್ತಿದ್ದ. ಎರಡು ವರ್ಷದ ಹಿಂದೆ ಕಾರು ಪಲ್ಟಿಯಾಗಿ, ತಲೆಗೆ ಪೆಟ್ಟು ಬಿದ್ದು, ಅವಳು ಆಸ್ಪತ್ರೆಯಿಂದ ಹುಷಾರಾಗಿ ಬಂದಳು. ಬಂದು ಎರಡೇ ಓಟವಾದ ಮೇಲೆ ಇವನು, “ನಿನ್ನ ಓದು ನಂಗೆ ಸರಿಹೋಗ್ತಿಲ್ಲ, ಬೇರೆ ಕಾರು ನೋಡ್ಕೊ” ಅಂದುಬಿಟ್ಟಿದ್ದ. ಅದು ಹಸಿ ಸುಳ್ಳು. ಅವತ್ತಿನಿಂದ ಅವಳು ಅವನ ಮುಖ ನೋಡಿರಲಿಲ್ಲ.

ಹದಿನಾರಕ್ಕೆ ಅಪ್ಪನ ಹಳೇ ಸ್ಕೋಡಾ ಕದ್ದೊಯ್ದು ಕಲ್ಲುಗಣಿಯಲ್ಲಿ ಗಿರಗಿರ ತಿರುಗಿಸಿ ಒದೆ ತಿಂದಿದ್ದ ಬ್ಲಾಜೆಯ್‌ಗೆ ಈಗ ನಲವತ್ತು ಹತ್ತಿರ. ಸ್ಲೊವಾಕಿಯಾದ ರ‍್ಯಾಲಿಗಳಲ್ಲಿ ಅವನನ್ನು ಅರಿಯದವರಿಲ್ಲ. ಆದರೆ ಅರಿತದ್ದು ‘ಎರಡನೇ ಸ್ಥಾನದ ಬ್ಲಾಜೆಯ್’ ಎಂದು. ಈ ಸಲ ಮಾತ್ರ ಮುಂದಿದ್ದ. ಹಿಂದಿನಿಂದ ಬರುವ ನಿತ್ರಾದ ಶಿಮೋನ್‌ಗಿಂತ ಒಟ್ಟು ಸಮಯದಲ್ಲಿ ಬರೀ ಕೆಲವು ಸೆಕೆಂಡು. ಅವನ ಕಾರಿಗೆ ಹಣ ಹಾಕುತ್ತಿದ್ದ ಕಂಪನಿ ಮುಂದಿನ ವರ್ಷಕ್ಕೆ ಆಗಲೇ ಕೈ ಎತ್ತಿತ್ತು. ಪ್ರಶಸ್ತಿ ಇವತ್ತು ಬಂದರೆ ಬಂತು, ಇಲ್ಲದಿದ್ದರೆ ಈ ಜನ್ಮಕ್ಕಿಲ್ಲ.

ದೊರೋತಾಳ ಕಾರು ಹೊರಟು ಎರಡು ನಿಮಿಷಕ್ಕೆ ಇವರಿಗೆ ದೀಪ ಹಸಿರಾಯಿತು. ಒದ್ದೆ ಓಕ್ ಎಲೆಗಳು ಅಂಟಿದ ಕಾಡಿನ ರಸ್ತೆಯಲ್ಲಿ ಕಾರು ಬಾಣದಂತೆ ನುಗ್ಗಿತು.

“ಎಡ ಮೂರು... ದಿಬ್ಬ, ಪೂರ್ತಿ... ಬಲ ಎರಡು, ಜಾರತ್ತೆ!”

ಬಲ ತಿರುವಿನಾಚೆ, ಚರಂಡಿಗೆ ಮೂತಿ ಇಟ್ಟು ದೊರೋತಾಳ ಕಾರು ಬಿದ್ದಿತ್ತು. ಅವಳ ಡ್ರೈವರ್ ಮುಂದೆಲ್ಲೋ ಸಹಾಯಕ್ಕೆ ಓಡುತ್ತಿದ್ದ. ರಸ್ತೆಯಂಚಿನಲ್ಲಿ ಅವಳೊಬ್ಬಳೇ ನಿಂತು ಹಸಿರು ‘ಓಕೆ’ ಫಲಕ ಎತ್ತಿ ಹಿಡಿದಿದ್ದಳು. ನಮಗೇನೂ ಆಗಿಲ್ಲ, ನೀವು ಹೋಗಿ ಎಂದರ್ಥ. ಫಲಕದ ಹಿಂಬದಿ ಕೆಂಪು. ಅದು ಕಂಡರೆ ಯಾರೇ ಆದರೂ ನಿಲ್ಲಲೇಬೇಕು.

“ಹಸಿರು! ಹೊಡಿ, ಹೊಡಿ!” ರುಡೊ ಕೂಗಿದ.

ಬ್ಲಾಜೆಯ್‌ಗೆ ಕಂಡದ್ದು ಬೇರೆ. ಎಲ್ಲಕ್ಕೂ ಬಲಗೈ ಚಾಚುವವಳ ಫಲಕ ಎಡಗೈಯಲ್ಲಿತ್ತು. ಅದಕ್ಕಿಂತ ಹೆಚ್ಚಾಗಿ, ಅವಳು ಅವನನ್ನು ನೋಡಿ ನಕ್ಕಳು.

ಅವನು ಬ್ರೇಕ್ ತುಳಿದ.

“ತಲೆ ಕೆಟ್ಟಿದೆಯೇನಯ್ಯಾ ನಿಂಗೆ?” ಎಂಬ ರುಡೊನ ಕೂಗು ಮುಗಿಯುವಷ್ಟರಲ್ಲಿ ಅವನು ಬೆಲ್ಟ್ ಬಿಚ್ಚಿ ಓಡಿದ್ದ. ದೊರೋತಾಳ ನಗು ಮಾಯವಾಯಿತು.

“ಯಾಕೋ ನಿಂತೆ, ಕತ್ತೆ? ಹೋಗು! ಓಕೆ ತೋರಿಸ್ತಿದೀನಲ್ಲ, ಹೋಗೋ!”

“ಬಲಗೈ ತೋರ್ಸು.”

“ತೋರ್ಸಲ್ಲ.”

ಬಲಗೈ ಮೊಣಕೈಯ ಕೆಳಗೆ ಸೊಟ್ಟಗೆ ತಿರುಗಿ, ತೋಳು ರಕ್ತದಿಂದ ತೊಯ್ದಿತ್ತು. ಅವಳ ಮುಖ ಬಿಳಿಚಿ ಕಾಲು ಕುಸಿಯಿತು. ಅವನು ಹಿಡಿದುಕೊಂಡ. ಅಷ್ಟರಲ್ಲಿ ಶಿಮೋನ್‌ನ ಕಾರು, ಇನ್ನೂ ಅವಳ ಮುಷ್ಟಿಯಲ್ಲಿದ್ದ ಹಸಿರನ್ನು ನೋಡಿಕೊಂಡು, ಕೆಸರು ಹಾರಿಸಿ ದಾಟಿ ಹೋಯಿತು. ಆ ಸದ್ದು ಕಾಡಿನಲ್ಲಿ ಕರಗುವವರೆಗೂ ದೊರೋತಾ ಅಳುತ್ತಿದ್ದಳು. ನೋವಿಗಲ್ಲ.

ಸಂಜೆ ಪುರಭವನದಲ್ಲಿ ಪಂದ್ಯದ ಪಂಚರು ಕೂತರು. ಹಿರಿಯ ಪಂಚ ವಾವ್ರೊ ಕನ್ನಡಕ ಒರೆಸಿಕೊಂಡು ಬ್ಲಾಜೆಯ್‌ಗೆ ಹೇಳಿದ: “ಕೆಂಪು ನೋಡಿ ನಿಂತಿದ್ರೆ ಕಳೆದ ಸಮಯ ವಾಪಸ್ ಕೊಡ್ತೀವಿ, ಪ್ರಶಸ್ತಿ ನಿಂದೇ. ಕೆಂಪು ನೋಡಿಯೂ ದಾಟಿದ ಶಿಮೋನ್ ಆಟದಿಂದ ಹೊರಗೆ. ಹಸಿರಾಗಿದ್ರೆ ನೀನು ನಿಂತಿದ್ದು ನಿನ್ನ ಖುಷಿ. ಕ್ಯಾಮೆರಾದಲ್ಲಿ ಬರೀ ಕೆಸರು ಕಾಣ್ತಿದೆ.”

“ಕೆಂಪೇ ತೋರಿಸಿದ್ದು ನಾನು,” ಅಂದಳು ಬಾಗಿಲಲ್ಲಿ ನಿಂತ ದೊರೋತಾ. ಕೈಗೆ ಹೊಸ ಬ್ಯಾಂಡೇಜು. ಆಸ್ಪತ್ರೆಯವರು ಬೇಡವೆಂದರೂ ಎದ್ದು ಬಂದಿದ್ದಳು. ಬ್ಲಾಜೆಯ್‌ನ ಕಡೆ ನೋಡಿದ ಆ ನೋಟದಲ್ಲಿ ಒಂದೇ ಬೇಡಿಕೆ ಇತ್ತು: ಹೂಂ ಅನ್ನು.

ಗೋಡೆಗೆ ಒರಗಿದ್ದ ಶಿಮೋನ್ ನೆಟ್ಟಗಾಗಿ, ಇಲ್ಲವೆಂದು ತಲೆಯಾಡಿಸಿದ. ಹುಡುಗನ ಮೊದಲ ಪ್ರಶಸ್ತಿ ಅದು.

“ನೀನು ಹೇಳಪ್ಪ,” ಅಂದ ವಾವ್ರೊ ಬ್ಲಾಜೆಯ್‌ಗೆ. “ಯಾವ ಬಣ್ಣ?”

ಇಪ್ಪತ್ತು ವರ್ಷದ ಓಟಕ್ಕೆ ಫಲ ಸಿಗಲು ಬ್ಲಾಜೆಯ್‌ನ ಒಂದು ಪದ ಸಾಕಿತ್ತು. ಅವನಿಗೆ ಆಸೆಯಾಯಿತು, ನಿಜವಾಗಿ ಆಸೆಯಾಯಿತು.

“ಹಸಿರು,” ಅಂದ.

“ಮತ್ತೆ ಯಾಕೆ ನಿಂತೆ?”

“ಎರಡು ವರ್ಷದಿಂದ ನನ್ನ ಮುಖ ನೋಡದವಳು ನಕ್ಕಳು, ಸ್ವಾಮಿ. ಏನೋ ಅನಾಹುತ ಆಗಿದೆ ಅಂತ ಗೊತ್ತಾಯ್ತು.”

ಕೋಣೆಯೆಲ್ಲ ಘೊಳ್ಳೆಂದು ನಕ್ಕಿತು. ದೊರೋತಾ ಒಬ್ಬಳೇ ನಗದೆ, ಕಿವಿಯವರೆಗೂ ಕೆಂಪಾಗಿ, ಹೊರಗೆ ನಡೆದಳು.

ಬ್ಲಾಜೆಯ್ ಅವಳನ್ನು ಮೆಟ್ಟಿಲ ಬಳಿ ತಡೆದ.

“ನನಗೋಸ್ಕರ ಕಳ್ಕೊಂಡೆ,” ಅಂದಳು. “ಓದಕ್ಕೇ ಬರದವಳಿಗೋಸ್ಕರ.”

“ಅದು ಸುಳ್ಳು ಕಣೇ. ಆ ಪಲ್ಟಿ ಆದ್ಮೇಲೆ, ನೀನು ಪಕ್ಕದಲ್ಲಿದ್ರೆ ದಿಬ್ಬ ಬಂದಾಗ ನನ್ನ ಕಾಲು ಆಕ್ಸಿಲರೇಟರ್ ಬಿಟ್ಟು ತಾನಾಗೇ ಮೇಲೇಳ್ತಿತ್ತು. ನಿಂಗೇನಾದ್ರೂ ಆದ್ರೆ ಅಂತ. ಹೆದರಿಕೆ ಆಗ್ತಿದೆ ಅನ್ನೋಕೆ ಬಾಯಿ ಬರ್ಲಿಲ್ಲ.”

ಅವಳು ತಿರುಗಿ ಅವನ ಮುಖ ನೋಡಿದಳು.

“ಎರಡು ವರ್ಷ, ಪಾಪಿ,” ಅಂದಳು. “ನನ್ನ ಓದೇ ಸರಿಯಿಲ್ಲ ಅಂತ ಎರಡು ವರ್ಷ ಕನ್ನಡಕ ಬದಲಾಯಿಸಿದೆ, ಗಂಟಲಿಗೆ ಔಷಧಿ ತಗೊಂಡೆ. ಪ್ರೀತಿ ಅಂತ ಒಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ಈಗ ಹೇಳಿದ್ನಲ್ಲ.”

“ಪಂಚರ ಮುಂದೆ ಸುತ್ತಿ ಬಳಸಿ ಹೇಳಿದೆ. ನಂಗೆ ನೇರವಾಗಿ ಹೇಳು.”

ಹೇಳಿದ. ತೊದಲಿಕೊಂಡೇ ಹೇಳಿದ. ಅವಳು ಎಡಗೈಯಲ್ಲಿ ಅವನ ಕಾಲರ್ ಹಿಡಿದು ಎಳೆದುಕೊಂಡಳು.

ಅವಳನ್ನು ಮನೆಗೆ ಬಿಡಲು ಅವನು ತನ್ನ ಹಳೇ ವ್ಯಾನು ತೆಗೆದ. ಊರು ದಾಟುತ್ತಲೇ ಪಕ್ಕದಿಂದ ಆ ಹಳೆಯ ದನಿ ಬಂತು.

“ಎಡ ಮೂರು. ಐವತ್ತು ಮೀಟರ್. ದಿಬ್ಬ... ಪೂರ್ತಿ ಒತ್ತು.”

ವ್ಯಾನು ಕುಂಟುತ್ತಾ ದಿಬ್ಬ ಹತ್ತಿ ಇಳಿಯಿತು.

“ಕಾಲು ಎತ್ತಿದೆ, ಅಲ್ವಾ?” ಅಂದಳು ದೊರೋತಾ.

“ಹ್ಞೂಂ. ಎತ್ತಿದೆ.”

ಅವಳು ನಕ್ಕಳು. ಈ ಸಲ ಅವನಿಗೆ ಗಾಬರಿಯಾಗಲಿಲ್ಲ.