ಅವಳ ಭುಜದ ಅಳತೆ

"ತೂಕ ಇಳಿಸಬೇಕು, ರೋ. ಎಷ್ಟಾಗುತ್ತೋ ಅಷ್ಟು."

ಡಾಸನ್ ತನ್ನ ಕಾರ್ಬೈನನ್ನು ಮೇಜಿನ ಮೇಲಿಟ್ಟು ಹೀಗೆಂದಾಗ ರೊವೀನಾ ತಲೆಯೆತ್ತಲಿಲ್ಲ. ಎತ್ತಿದರೆ ಮುಖದಲ್ಲಿರುವುದೆಲ್ಲ ಅವನಿಗೆ ಕಂಡುಬಿಡುತ್ತದೆಂಬ ಭಯ. ಎಷ್ಟೋ ತಿಂಗಳ ಮೇಲೆ ಅವನು ಅವಳ ಬಂದೂಕು ರಿಪೇರಿ ಅಂಗಡಿಯ ಬಾಗಿಲು ತಳ್ಳಿಕೊಂಡು ಬಂದಿದ್ದ. ಅದೇ ಮಾಸಿದ ಟೋಪಿ, ಬೂಟಿನ ತುಂಬ ಅದೇ ಅರಿಜೋನಾದ ಕೆಂಪು ಧೂಳು.

"ಯಾರ ತೂಕ? ನಿನ್ನದಾ, ಬಂದೂಕಿನದಾ?"

"ಮೊದಲು ಬಂದೂಕಿನದು ಇಳಿಸು ಮಾರಾಯ್ತಿ. ನನ್ನದು ದೇವರಿಂದಲೂ ಆಗಲ್ಲ."

ಅವಳಿಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ನಗುವಾಗ ಅವನ ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಹೆಚ್ಚು ಮುಚ್ಚಿಕೊಳ್ಳುತ್ತದೆ. ಅದನ್ನು ಮರೆತುಬಿಟ್ಟಿದ್ದೇನೆ ಎಂದುಕೊಂಡಿದ್ದಳು ಪಾಪ, ಎಲ್ಲಿ ಮರೆತಿದ್ದಳು!

"ಸ್ಪರ್ಧೆಗೆ ತಾನೇ? ನೀನು ಕಲ್ಲುಬಂಡೆ ಥರ ಇದ್ದೀಯ. ನಿನಗ್ಯಾಕೋ ಹಗುರದ್ದು?"

"ನನಗಲ್ಲ. ಭುಜಕ್ಕೆ ಆಪರೇಷನ್ ಆದವರು ಬೆಳಿಗ್ಗೆಯಿಂದ ಸಂಜೆ ತನಕ ಹಿಡಿದು ಓಡಾಡೋ ಹಾಗಿರಬೇಕು. ಯಾರಿಗೆ ಅಂತ ಈಗ ಕೇಳಬೇಡ. ನಮ್ಮ ಶೂಟಿಂಗ್ ಕ್ಲಬ್ ಗೊತ್ತಲ್ಲ, ಒಬ್ಬರ ಕಿವಿಗೆ ಬಿದ್ದರೆ ಮುಗೀತು." ಬಾಗಿಲವರೆಗೆ ಹೋದವನು ತಿರುಗಿ ನೋಡಿದ. "ನಿನಗೇ ಮಾಡ್ಕೊಳ್ಳೋ ಹಾಗೆ ಮಾಡು, ಆಯ್ತಾ?"

ಬಾಗಿಲು ಮುಚ್ಚಿಕೊಂಡಿತು. ರೊವೀನಾಳ ಕೈ ತಾನಾಗಿಯೇ ಬಲಭುಜಕ್ಕೆ ಹೋಯಿತು. ಅಂಗಿಯ ಕೆಳಗೆ ಆಪರೇಷನ್ನಿನ ಗೆರೆ ಇತ್ತು.

ಒಂದು ಕಾಲದಲ್ಲಿ ಆ ಕ್ಲಬ್ಬಿನಲ್ಲಿ ಕಾರ್ಬೈನ್ ಹಿಡಿದರೆ ರೊವೀನಾಳನ್ನು ಹಿಂದೆ ಹಾಕುವವರಿರಲಿಲ್ಲ. ಭುಜದ ಸ್ನಾಯು ಹರಿದ ಮೇಲೆ ಎಲ್ಲ ನಿಂತಿತು. ಆಗ ಪ್ರತಿ ಗುರುವಾರ ಅವಳನ್ನು ಥೆರಪಿಗೆ ಕರೆದುಕೊಂಡು ಹೋಗುತ್ತಿದ್ದವನು ಡಾಸನ್. ಅವನು ಸೀಟ್ ಬೆಲ್ಟ್ ಹಾಕಿಕೊಡುವುದು, ಕಾಫಿ ಲೋಟದ ಮುಚ್ಚಳ ತೆಗೆದುಕೊಡುವುದು ನೋಡಿ ನೋಡಿ ಒಂದು ದಿನ ಅವಳಿಗೆ ಎಲ್ಲಿತ್ತೋ ಸಿಟ್ಟು, ಕಾರಿನಲ್ಲೇ ಕಿರುಚಿಬಿಟ್ಟಳು. "ನಿನ್ನ ಅಯ್ಯೋಪಾಪ ನನಗೆ ಬೇಡ! ಇನ್ನು ಬರಬೇಡ ನೀನು!" ಅವನು ಬರಲಿಲ್ಲ. ಬರಬೇಡ ಅಂದವರು ಬರಲಿ ಎಂದು ಕಾಯುತ್ತಾರೆ ಅನ್ನುವುದು ಆ ಪೆದ್ದನಿಗೆ ಹೇಗೆ ತಿಳಿಯಬೇಕು?

ಈಗ ಬಂದಿದ್ದಾನೆ, ಭುಜ ನೊಂದವರಿಗೆ ಹಗುರವಾದ ಬಂದೂಕು ಬೇಕೆಂದು. ಈ ಊರಿನಲ್ಲಿ ಭುಜಕ್ಕೆ ಆಪರೇಷನ್ ಆದ ಶೂಟರ್ ಇನ್ಯಾರಿದ್ದಾರೆ? ರೊವೀನಾ ಕೂತಲ್ಲೇ ಮನಸ್ಸಿನಲ್ಲಿ ಮಂಡಿಗೆ ತಿನ್ನತೊಡಗಿದಳು.

ಕೆಲಸ ಶುರುವಾಯಿತು. ಬಿಚ್ಚಿದ ಒಂದೊಂದು ಭಾಗವನ್ನೂ ಅಡುಗೆಮನೆಯ ತಕ್ಕಡಿಯ ಮೇಲಿಟ್ಟು ನೋಡಿದಳು. ದಪ್ಪ ಉಕ್ಕಿನ ನಳಿಕೆ ಹೋಗಿ ಕಾರ್ಬನ್ ಹೊದಿಕೆಯ ಸಪೂರ ನಳಿಕೆ ಬಂತು. ಸ್ಕ್ರೂಗಳೆಲ್ಲ ಟೈಟಾನಿಯಂ ಆದವು. ಒಳಗೆ ಹಿಂದೆ ಮುಂದೆ ಓಡುವ ಬೋಲ್ಟನ್ನು ಮಾತ್ರ ಮುಟ್ಟಲಿಲ್ಲ. ಅದರ ಭಾರ ಕಡಿಮೆಯಾದರೆ ಒದೆತವೆಲ್ಲ ಭುಜಕ್ಕೇ.

ಡಾಸನ್ ಆಗಾಗ ಬಂದು ಬಾಗಿಲಿಗೆ ಒರಗಿ ನಿಲ್ಲುತ್ತಿದ್ದ.

"ಇನ್ನೂ ಎಷ್ಟು ಸಣ್ಣ ಮಾಡ್ತೀಯೇ? ಗಾಳಿಗೆ ಹಾರಿ ಹೋದೀತು."

"ಹಾರಿದರೆ ಹಿಡ್ಕೊಳ್ಳೋಕೆ ನೀನಿದ್ದೀಯಲ್ಲ."

ಅವನು ಏನೋ ಹೇಳಲು ಬಾಯಿ ತೆರೆದು ಸುಮ್ಮನಾಗುತ್ತಿದ್ದ. ಅದನ್ನೂ ಅವಳು ತನಗೆ ಬೇಕಾದ ಹಾಗೇ ಓದಿಕೊಂಡಳು.

ಕೊನೆಗೆ ಉಳಿದದ್ದು ಸ್ಟಾಕು, ಭುಜಕ್ಕೆ ಆನಿಸುವ ಹಿಂಭಾಗ. ಅವನ ಬಂದೂಕಿನಲ್ಲಿದ್ದದ್ದು ಎಳೆದು ಉದ್ದ ಮಾಡುವ, ತಳ್ಳಿ ಗಿಡ್ಡ ಮಾಡುವ ಜಾತಿಯದು. ಯಾರ ಭುಜಕ್ಕಾದರೂ ಹೊಂದುತ್ತದೆ, ಆದರೆ ಭಾರ. ಅದನ್ನು ತೆಗೆದು ಪಕ್ಕಕ್ಕಿಟ್ಟಳು. ಹಗುರವಾದ ಒಂದೇ ತುಂಡಿನ ಸ್ಟಾಕು ತಂದಳು. ಅದು ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಒಮ್ಮೆ ಕತ್ತರಿಸಿದರೆ ಅದು ಒಬ್ಬರದೇ.

ಕಣ್ಣು ಮುಚ್ಚಿ ಬಂದೂಕನ್ನು ಭುಜಕ್ಕೇರಿಸಬೇಕು. ಕಣ್ಣು ತೆರೆದ ತಕ್ಷಣ ಬಂದೂಕಿನ ಮೇಲಿನ ಗುರಿಗಾಜಿನ ಕೆಂಪು ಚುಕ್ಕೆ ನಟ್ಟನಡುವೆ ಕಾಣಬೇಕು. ಕಂಡರೆ ಅಳತೆ ಸರಿ. ಅವಳು ಸ್ವಲ್ಪ ಕತ್ತರಿಸಿದಳು, ಕಣ್ಣು ಮುಚ್ಚಿದಳು, ತೆರೆದಳು. ಮತ್ತೆ ಒಂದಿಷ್ಟು ಕತ್ತರಿಸಿದಳು. ಕಡೆಗೆ ಕಣ್ಣು ಬಿಟ್ಟಾಗ ಚುಕ್ಕೆ ಅಲ್ಲೇ ಕಾಯುತ್ತಿತ್ತು. ಭುಜ ನೋಯಲಿಲ್ಲ. ರೊವೀನಾ ಅಂಗಡಿಯಲ್ಲಿ ಒಬ್ಬಳೇ ನಿಂತು ಅತ್ತಳು, ಖುಷಿಗೆ.

ಸ್ಪರ್ಧೆಯ ಬೆಳಿಗ್ಗೆ ಅವಳು ತಲೆ ಬಾಚಿಕೊಂಡು, ಹಳೆಯ ಕ್ಲಬ್ ಶರ್ಟು ಇಸ್ತ್ರಿ ಮಾಡಿ ಹಾಕಿಕೊಂಡು ರೇಂಜಿಗೆ ಬಂದಳು. ಮಣ್ಣುದಿಬ್ಬಗಳ ನಡುವೆ ರಟ್ಟಿನ ಗುರಿಗಳನ್ನು ನಿಲ್ಲಿಸುತ್ತಿದ್ದರು. ಟೈಮರ್ ಹಿಡಿಯುವ ಮುದುಕ ಆರ್ಲೋ ದೂರದಿಂದಲೇ ಕೂಗಿದ. "ಯಾರಪ್ಪಾ ಇದು! ಸತ್ತೋದ್ಲು ಅಂತ ಹೂವು ಕಳಿಸೋಣ ಅಂತಿದ್ವಿ!"

"ಹೂವು ಕಳಿಸಿ, ನಾನೇ ತಗೋತೀನಿ!" ಎಂದಳು. ಎಷ್ಟು ದಿನವಾಗಿತ್ತು ಹಾಗೆ ನಗದೆ.

ಡಾಸನ್ ಓಡಿಬಂದು ಬಂದೂಕಿನ ಚೀಲ ಎತ್ತಿ ನೋಡಿ, "ಅಯ್ಯಯ್ಯೋ! ಒಳಗೆ ಇದೆ ತಾನೇ?" ಎಂದ. ಆಮೇಲೆ ಹಿಂದೆ ತಿರುಗಿ ಕೈಬೀಸಿದ. "ಶೆಲ್ಬಿ! ಬಾ ಬಾ. ನೋಡು, ನಿನಗೆ."

ನೆರಳಿನಿಂದ ಒಬ್ಬಳು ಎದ್ದು ಬಂದಳು. ಡಾಸನ್ನಿನಷ್ಟೇ ಎತ್ತರ, ಬಿಸಿಲಿಗೆ ಕೆಂಪಾದ ಮೂಗು, ಬೆರಳಲ್ಲಿ ಹೊಸ ಉಂಗುರ. "ನೀವೇನಾ ರೊವೀನಾ? ಇವನ ಬಾಯಲ್ಲಿ ದಿನಾ ನಿಮ್ಮದೇ ಮಾತು. ಕುದುರೆಯಿಂದ ಬಿದ್ದು ಭುಜ ಮುರ್ಕೊಂಡೆ. ಇನ್ನು ನನ್ನ ಕೈಲಾಗಲ್ಲ ಅಂತಿದ್ದೆ. ರೋ ಮಾಡಿಕೊಟ್ಟರೆ ಆಗುತ್ತೆ ಅಂದ."

ರೊವೀನಾ ಆ ಉಂಗುರವನ್ನೇ ನೋಡಿದಳು. "ಆಗುತ್ತೆ" ಎಂದಳು. ತನ್ನ ದನಿ ತನ್ನದಲ್ಲ ಅನ್ನಿಸಿತು.

ಗುಂಡಿಲ್ಲದ ಬಂದೂಕನ್ನು ಪರೀಕ್ಷಿಸುವ ಮೇಜಿನ ಬಳಿ ಶೆಲ್ಬಿ ಅದನ್ನು ಭುಜಕ್ಕೇರಿಸಿದಳು. ಕತ್ತು ಕುಗ್ಗಿಸಿದಳು, ಮೊಣಕೈ ಮಡಿಸಿದಳು, ಮೂಗು ಹೆಬ್ಬೆರಳಿಗೆ ಬಡಿಯಿತು. "ಹಗುರ ಅಂದರೆ ಹಗುರ! ಆದರೆ ಚುಕ್ಕೆ ಎಲ್ಲಿ? ಕಾಣ್ತಾನೇ ಇಲ್ಲ." ಅವಳ ಮುಖ ಸಪ್ಪಗಾಯಿತು. "ನನ್ನ ಭುಜವೇ ಸರಿಯಿಲ್ಲ ಅನ್ಸುತ್ತೆ."

"ನಿಮ್ಮ ಭುಜಕ್ಕೇನೂ ಆಗಿಲ್ಲಮ್ಮ" ಎಂದಳು ರೊವೀನಾ. "ತಪ್ಪು ನನ್ನದು, ಸ್ಟಾಕು ನಿಮಗೆ ಗಿಡ್ಡವಾಯ್ತು. ಹಳೇ ಸ್ಟಾಕು ಟ್ರಕ್ಕಲ್ಲಿದೆ, ಹಾಕಿಕೊಡ್ತೀನಿ. ನೀವು ನೀರು ಕುಡೀರಿ ಹೋಗಿ."

ಶೆಲ್ಬಿ ಅತ್ತ ಹೋದಳು. ಡಾಸನ್ ಹೋಗಲಿಲ್ಲ. ಹಳೆಯ ಸ್ಟಾಕು ತಂದು ಸ್ಕ್ರೂ ಬಿಚ್ಚತೊಡಗಿದವಳ ಕೈಯನ್ನೇ ನೋಡುತ್ತ ನಿಂತ.

"ರೋ, ಇದು ಯಾರ ಅಳತೆ?"

"ಅಂಗಡೀಲಿ ಇದ್ದದ್ದು ಒಂದೇ ಭುಜ, ಡಾಸ್."

ಅವನ ಮುಖದ ಬಣ್ಣವೇ ಇಳಿದುಹೋಯಿತು. ಸ್ಕ್ರೂ ಒಂದು ಜಾರಿ ಧೂಳಿಗೆ ಬಿತ್ತು. ಇಬ್ಬರೂ ಬಗ್ಗಲಿಲ್ಲ.

"ನನಗೇ ಅಂದ್ಕೊಂಡೆ ಕಣೋ" ಎಂದಳು. "ನಿನ್ನನ್ನ ಪ್ರೀತಿಸ್ತೀನಿ ನಾನು. ಇವತ್ತಲ್ಲ, ಆಗಿಂದ. ಹೇಳಬೇಕಾದ ದಿನ ಕಿರುಚಾಡಿ ಕಳಿಸಿದೆ."

"ನೀನು ಬರಬೇಡ ಅಂದ ಮೇಲಿನ ಗುರುವಾರವೂ ನಾನು ಹೋಗಿದ್ದೆ." ಅವನು ನೆಲ ನೋಡುತ್ತ ಹೇಳಿದ. "ಥೆರಪಿ ಬಾಗಿಲ ಮುಂದೆ ಕೂತಿದ್ದೆ. ನಿನಗಿಷ್ಟ ಅಂತ ಹಸಿಮೆಣಸಿನಕಾಯಿ ಬರಿಟೊ ಕಟ್ಟಿಸ್ಕೊಂಡು ಹೋಗಿದ್ದೆ. ನೀನು ಬರಲೇ ಇಲ್ಲ."

"ವ್ಯಾಯಾಮ ಮನೇಲೇ ಮಾಡ್ಕೋತೀನಿ ಅಂತ ಬಿಟ್ಟುಬಿಟ್ಟಿದ್ದೆ."

"ಪಕ್ಕದ ಕುರ್ಚೀಲಿ ಒಬ್ಬಳು ಭುಜಕ್ಕೆ ಪಟ್ಟಿ ಕಟ್ಕೊಂಡು ಅಳ್ತಾ ಕೂತಿದ್ದಳು. ತಣ್ಣಗಾಗುತ್ತಲ್ಲ ಅಂತ ಅವಳಿಗೆ ಕೊಟ್ಟೆ."

ಅಯ್ಯೋ, ಒಂದೇ ಒಂದು ಗುರುವಾರ ಹೋಗಿದ್ದರೆ! ರೊವೀನಾ ಬಗ್ಗಿ ಸ್ಕ್ರೂ ಹೆಕ್ಕಿದಳು, ಧೂಳು ಊದಿದಳು, ಜಾಗಕ್ಕೆ ಕೂರಿಸಿ ಬಿಗಿದಳು.

"ಒಳ್ಳೆಯವಳು ಕಣೋ" ಎಂದಳು. "ಅವಳ ಕಾಫಿ ಲೋಟದ ಮುಚ್ಚಳ ತೆಗೆದುಕೊಡು. ಬೈದರೂ ತೆಗೆದುಕೊಡು. ಬಿಟ್ಟು ಹೋಗಬೇಡ."

ಅವನು ಏನೋ ಹೇಳಲು ಬಾಯಿ ತೆರೆದ. ಈ ಸಲ ಅವಳು ಅದನ್ನು ಓದಲಿಲ್ಲ.

ಶೆಲ್ಬಿಯನ್ನು ಕರೆದು, ಕಣ್ಣು ಮುಚ್ಚಿಸಿ, ಸ್ಟಾಕನ್ನು ಅವಳ ಉದ್ದಕ್ಕೆ ಎಳೆದು ಹೊಂದಿಸಿದಳು. ಶೆಲ್ಬಿ ಕಣ್ಣು ತೆರೆದಳು. "ಕಾಣ್ತು!" ಎಂದು ಮಗುವಿನ ಹಾಗೆ ಕುಣಿದು, ಬಂದೂಕನ್ನು ಮೇಜಿನ ಮೇಲಿಟ್ಟು ರೊವೀನಾಳನ್ನು ತಬ್ಬಿಕೊಂಡಳು, ಅವಳ ನೋವಿನ ಭುಜದ ಕಡೆಯೇ. ರೊವೀನಾ ತಬ್ಬಿಸಿಕೊಂಡಳು.

ಟೈಮರ್ ಬೀಪ್ ಎಂದಾಗ ಅವಳು ತನ್ನ ಟ್ರಕ್ಕಿನೊಳಗಿದ್ದಳು. ಗುಂಡುಗಳ ಸದ್ದು ಒಂದೇ ಸಮನೆ ಕೇಳಿತು. ಆಮೇಲೆ ಚಪ್ಪಾಳೆ. ರಟ್ಟಿನ ತೂತುಗಳಿಗೆ ಟೇಪು ಹಚ್ಚಲು ಎಲ್ಲರೂ ಗುರಿಗಳತ್ತ ಹೋದರು. ಶೆಲ್ಬಿ ಟೇಪು ಹರಿದು ಕೊಡುತ್ತಿದ್ದಳು, ಡಾಸನ್ ಹಚ್ಚುತ್ತಿದ್ದ.

"ರೋ, ಬಾರೇ, ಕೈ ಹಾಕು!" ಆರ್ಲೋ ಕೂಗಿದ.

"ಬಂದೆ!" ಎಂದಳು. ಏಳಲಿಲ್ಲ. ತೊಡೆಯ ಮೇಲೆ ತಾನೇ ಕತ್ತರಿಸಿದ ಗಿಡ್ಡ ಸ್ಟಾಕು ಇತ್ತು. ಅದನ್ನೆತ್ತಿ ಭುಜಕ್ಕೆ ಆನಿಸಿ, ಕೆನ್ನೆ ಒರಗಿಸಿ, ಕಣ್ಣು ಮುಚ್ಚಿ ತೆರೆದಳು.

ಟ್ರಕ್ಕಿನ ಗಾಜಿನಾಚೆ ನಟ್ಟನಡುವೆ ಅವರಿಬ್ಬರು ಕಂಡರು. ಸ್ಟಾಕು ಭುಜಕ್ಕೆ ಸರಿಯಾಗಿ ಕೂತಿತ್ತು. ಅಳತೆ ಒಂದಿಷ್ಟೂ ತಪ್ಪಿರಲಿಲ್ಲ.